ರೋಬೋಟ್‌ಗಳ ಕಥೆ ಕಟ್ಟಿದ ಕರೆಲ್ ಚಾಪೆಕ್

ಮದ್ದೂರು ತಾಲ್ಲೂಕಿನ ಸೋಮನಹಳ್ಳಿಯ ಕಡೆ ಭತ್ತದ ಸುಗ್ಗಿಯ ಕಾಲದಲ್ಲಿ ಹೋದರೆ ಗದ್ದೆಗೆ ಇಳಿದ ಕಟಾವು ಯಂತ್ರವನ್ನು ನೋಡಬಹುದು. ಹತ್ತಾರು ಜನ ಕುಡುಗೋಲು ಹಿಡಿದು ದಿನವಿಡೀ ಬಗ್ಗಿ ಕೊಯ್ಯುತ್ತಿದ್ದ ಗದ್ದೆಯನ್ನು ಅದು ಸ್ವಲ್ಪ ಹೊತ್ತಿನಲ್ಲೇ ಮುಗಿಸುತ್ತದೆ. ಕೊಯ್ಲು, ಒಕ್ಕಣೆ ಎರಡೂ ಒಟ್ಟಿಗೇ ಆಗಿಬಿಡುತ್ತವೆ. ಬದುವಿನ ಮೇಲೆ ನಿಂತ ಮಕ್ಕಳಿಗೆ ಅದನ್ನು ನೋಡುವುದೇ ಒಂದು ಹಬ್ಬ. ಪಕ್ಕದಲ್ಲಿ ನಿಂತ ಹಿರಿಯರಲ್ಲಿ ಕೆಲವರು ಬೆನ್ನುನೋವು ತಪ್ಪಿತೆಂದು ಸಂತೋಷ ಪಡುತ್ತಾರೆ. ಇನ್ನು ಕೆಲವರು ಕೂಲಿಯವರ ಗತಿ ಏನೆಂದು ಯೋಚನೆ ಮಾಡುತ್ತಾರೆ.

ಈ ಸಂತೋಷ ಮತ್ತು ಈ ಯೋಚನೆ ಎರಡನ್ನೂ ಸೇರಿಸಿ 100 ವರ್ಷಗಳಿಗೂ ಹಿಂದೆ ದೂರದ ಯೂರೋಪಿನಲ್ಲಿ ಒಬ್ಬರು ನಾಟಕ ಬರೆದರು. ಅವರ ಹೆಸರು ಕರೆಲ್ ಚಾಪೆಕ್. ಯಂತ್ರಗಳು ದಂಗೆಯೆದ್ದು, ಅಳಿದುಳಿದ ಮನುಷ್ಯರು ಆಕಾಶನೌಕೆ ಏರಿ ನಕ್ಷತ್ರಗಳ ನಡುವೆ ಓಡಿಹೋಗುವ ಕಥೆಗಳನ್ನು ನೀವು ಟಿ.ವಿ.ಯಲ್ಲಿ ನೋಡಿರಬಹುದು. ಅಂಥ ಕಥೆಗಳಿಗೆಲ್ಲ ಈ ನಾಟಕವೇ ಅಜ್ಜ. ರೋಬೋಟ್ ಎಂಬ ಪದ ಲೋಕಕ್ಕೆ ಬಂದದ್ದೂ ಈ ನಾಟಕದಿಂದಲೇ.

ಮಕ್ಕಳೇ, ಆ ಪದದ ಅರ್ಥ ಗೊತ್ತೇ? ಚೆಕ್ ಭಾಷೆಯಲ್ಲಿ ರೊಬೊಟಾ ಎಂಬ ಹಳೆಯ ಮಾತಿದೆ. ಅದಕ್ಕೆ ಸರಿಯಾದ ಕನ್ನಡ ಪದ ಬಿಟ್ಟಿ. ಅಂದರೆ ಕೂಲಿ ಕೊಡದೆ ಮಾಡಿಸಿಕೊಳ್ಳುವ ಚಾಕರಿ. ಆ ನಾಡಿನ ರೈತರು ವಾರದಲ್ಲಿ ಕೆಲವು ದಿನ ತಮ್ಮ ಹೊಲ ಬಿಟ್ಟು, ಜಮೀನ್ದಾರನ ಹೊಲದಲ್ಲಿ ಬಿಟ್ಟಿ ದುಡಿಯಬೇಕಿತ್ತು. 1775ರಲ್ಲಿ ಬೊಹೀಮಿಯದ ಈಶಾನ್ಯ ಭಾಗದ ರೈತರು ಇದರ ವಿರುದ್ಧ ದಂಗೆಯೆದ್ದರು. ಸೈನ್ಯ ಬಂದು ದಂಗೆಯನ್ನು ಅಡಗಿಸಿತು. ಅದೇ ವರ್ಷ ಮಹಾರಾಣಿ ಮರಿಯಾ ತೆರೇಸಾ ಬಿಟ್ಟಿಯನ್ನು ವಾರಕ್ಕೆ ಹೆಚ್ಚೆಂದರೆ 3 ದಿನ ಎಂದು ಮಿತಿಗೊಳಿಸಿದಳು. ಅದು ಪೂರ್ತಿ ರದ್ದಾದದ್ದು 1848ರಲ್ಲಿ.

ಕರೆಲ್ ಹುಟ್ಟಿದ್ದೂ ಅದೇ ಈಶಾನ್ಯ ಬೊಹೀಮಿಯದಲ್ಲಿ. ಆ ನಾಡು ಆಗ ಆಸ್ಟ್ರಿಯ-ಹಂಗೆರಿ ಸಾಮ್ರಾಜ್ಯಕ್ಕೆ ಸೇರಿತ್ತು. ಮಾಲೆ ಸ್ವಾತೊನ್ಯೊವಿತ್ಸೆ ಎಂಬುದು ಅವರ ಊರು. ಬಾಯಿ ತಿರುಗದ ಹೆಸರು! ಅದು ಕಲ್ಲಿದ್ದಲ ಗಣಿಗಳ ಸೀಮೆ. 1890ರ ಜನವರಿ 9ರಂದು ಮೂವರು ಮಕ್ಕಳಲ್ಲಿ ಕಿರಿಯವನಾಗಿ ಕರೆಲ್ ಜನಿಸಿದ. ತಂದೆ ವೈದ್ಯರು. ತಾಯಿ ಹಳ್ಳಿಯ ಜನಪದ ಕಥೆ, ಹಾಡುಗಳನ್ನು ಸಂಗ್ರಹಿಸುತ್ತಿದ್ದವರು. ಸ್ವಲ್ಪ ಸಮಯದಲ್ಲೇ ಕುಟುಂಬವು ಹತ್ತಿರದ ಊಪಿತ್ಸೆ ಎಂಬ ಊರಿಗೆ ಹೋಯಿತು. ಅಲ್ಲಿ ಬಟ್ಟೆಯ ಗಿರಣಿಗಳಿದ್ದವು. ಹೀಗೆ ಬಾಲಕ ಕರೆಲ್ ಗಣಿಯ ಮಸಿ ಮೆತ್ತಿದ ಮುಖಗಳನ್ನೂ, ಗಿರಣಿಯಿಂದ ದಣಿದು ಬರುವ ಹೆಂಗಸರನ್ನೂ ನೋಡುತ್ತ ಬೆಳೆದ. ಅವನಿಗೆ ಅಚ್ಚುಮೆಚ್ಚಿನ ಜೊತೆಗಾರ ಎಂದರೆ 3 ವರ್ಷ ದೊಡ್ಡವನಾದ ಅಣ್ಣ ಯೋಸೆಫ್. ಮುಂದೆ ಯೋಸೆಫ್ ಚಿತ್ರಕಾರನಾದ, ತಮ್ಮ ಬರಹಗಾರನಾದ. ಅಣ್ಣತಮ್ಮಂದಿರು ಸೇರಿ ಬರೆದ ಪುಸ್ತಕಗಳೇ ಎಷ್ಟೋ ಇವೆ.

1901ರಲ್ಲಿ ಕರೆಲ್ ಪ್ರೌಢಶಾಲೆಗೆಂದು ಹ್ರಾದೆತ್ಸ್ ಕ್ರಾಲೊವೆ ಎಂಬ ಪಟ್ಟಣಕ್ಕೆ ಹೋದ. ಅದರ ಮರುವರ್ಷ, 1902ರಲ್ಲಿ, ನಮ್ಮ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ಕಾವೇರಿಯ ನೀರಿನಿಂದ ವಿದ್ಯುತ್ ತಯಾರಾಗಿ, ಉದ್ದನೆಯ ತಂತಿಗಳ ಮೂಲಕ ಕೋಲಾರದ ಚಿನ್ನದ ಗಣಿಗೆ ಹರಿಯಿತು. ಲೋಕದ ಎಲ್ಲ ಮೂಲೆಗಳಲ್ಲೂ ಹೊಸ ಹೊಸ ಯಂತ್ರಗಳು ತಿರುಗತೊಡಗಿದ್ದ ಕಾಲ ಅದು. ಕರೆಲ್ ಓದಿನಲ್ಲಿ ಜಾಣ. ಆದರೂ 1905ರಲ್ಲಿ ವಿದ್ಯಾರ್ಥಿಗಳ ಗುಪ್ತ ಸಂಘವೊಂದಕ್ಕೆ ಸೇರಿದ ಕಾರಣಕ್ಕೆ ಆ ಶಾಲೆ ಬಿಡಬೇಕಾಯಿತು. ಬ್ರ್ನೋ ನಗರದಲ್ಲಿದ್ದ ಅಕ್ಕನ ಮನೆಗೆ ಹೋಗಿ ಓದು ಮುಂದುವರಿಸಿದ. ಅಲ್ಲಿಂದ ಪ್ರಾಗ್ ನಗರ. ನಡುವೆ ಬರ್ಲಿನ್ ಮತ್ತು ಪ್ಯಾರಿಸ್‌ನಲ್ಲಿಯೂ ಓದಿ, 1915ರಲ್ಲಿ ತತ್ತ್ವಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದರು.

ಆ ಹೊತ್ತಿಗೆ ಅವರನ್ನು ಬೆನ್ನುಮೂಳೆಯ ಕಾಯಿಲೆ ಹಿಡಿದಿತ್ತು. ಕತ್ತು ಸಲೀಸಾಗಿ ತಿರುಗುತ್ತಿರಲಿಲ್ಲ, ನಡೆಯಲು ಕೋಲು ಬೇಕಿತ್ತು. ಆ ನೋವು ಜೀವಮಾನವಿಡೀ ಬಿಡಲಿಲ್ಲ. ಕಾಯಿಲೆಯ ಕಾರಣ ಮೊದಲನೆಯ ಮಹಾಯುದ್ಧಕ್ಕೆ ಅವರನ್ನು ಸೈನಿಕರಾಗಿ ಕರೆಯಲಿಲ್ಲ. ಆ ಯುದ್ಧದಲ್ಲಿ ಮೆಷಿನ್‌ಗನ್, ವಿಷಾನಿಲ, ಟ್ಯಾಂಕುಗಳು ಲಕ್ಷಗಟ್ಟಲೆ ಯುವಕರನ್ನು ಕೊಂದವು. ವಿಜ್ಞಾನ ಕೊಟ್ಟ ಯಂತ್ರಗಳು ಮನುಷ್ಯನ ಭಾರ ಇಳಿಸುವ ಬದಲು ಮನುಷ್ಯನನ್ನೇ ಅಳಿಸುವುದನ್ನು ಕಂಡು ಚಾಪೆಕ್ ಕಳವಳಗೊಂಡರು. 1918ರಲ್ಲಿ ಯುದ್ಧ ಮುಗಿದಾಗ ಹಳೆಯ ಸಾಮ್ರಾಜ್ಯ ಒಡೆದು ಚೆಕೊಸ್ಲೊವಾಕಿಯ ಎಂಬ ಹೊಸ ದೇಶ ಹುಟ್ಟಿತು. ಚಾಪೆಕ್ ಪ್ರಾಗ್‌ನಲ್ಲಿ ಪತ್ರಿಕೆಗಳಿಗೆ ಬರೆಯುತ್ತ ಜೀವನ ಸಾಗಿಸಿದರು.

ಒಂದು ದಿನ ಅವರು ಟ್ರಾಮ್ ಗಾಡಿಯಲ್ಲಿ ಹೋಗುತ್ತಿದ್ದರು. ಟ್ರಾಮ್ ಎಂದರೆ ಬೀದಿಯ ಮೇಲಿನ ಹಳಿಗಳಲ್ಲಿ ಓಡುವ ಬಂಡಿ. ಒಳಗೆ ಕಾಲಿಡಲು ಜಾಗವಿಲ್ಲ, ಮೆಟ್ಟಿಲ ಮೇಲೂ ಜನ. ಬೆಳಗಿನ ಹೊತ್ತು ಮಂಡ್ಯಕ್ಕೋ ಮೈಸೂರಿಗೋ ಹೋಗುವ ಬಸ್ಸು ಹತ್ತಿದವರಿಗೆ ಇದನ್ನು ವಿವರಿಸಬೇಕಿಲ್ಲ! ಒತ್ತಿ ನಿಂತ ಆ ಜನರ ಮುಖದಲ್ಲಿ ಸಿಟ್ಟೂ ಇರಲಿಲ್ಲ, ನಗುವೂ ಇರಲಿಲ್ಲ. ಚಾಪೆಕ್‌ಗೆ ಅವರೆಲ್ಲ ಕುರಿಗಳಂತೆ ಅಲ್ಲ, ಯಂತ್ರಗಳಂತೆ ಕಂಡರು. ದುಡಿಯುವುದನ್ನು ಬಿಟ್ಟು ಬೇರೇನೂ ತಿಳಿಯದ ಜೀವಿಗಳಿದ್ದರೆ ಹೇಗಿರುತ್ತದೆ? ಈ ಪ್ರಶ್ನೆ ಅವರನ್ನು ಬಿಡಲಿಲ್ಲ.

1920ರಲ್ಲಿ ನಾಟಕ ಬರೆಯಲು ಕುಳಿತರು. ಕಥೆ ಸಿದ್ಧವಾಯಿತು, ಆದರೆ ಆ ಕೃತಕ ಕೆಲಸಗಾರರಿಗೆ ಏನೆಂದು ಹೆಸರಿಡುವುದು? ದುಡಿಮೆ ಎಂಬ ಅರ್ಥದ ಲ್ಯಾಟಿನ್ ಮಾತಿನಿಂದ ಲಬೋರಿ ಎಂಬ ಹೆಸರು ಹೊಳೆದಿತ್ತು. ಅದು ಯಾಕೋ ಪುಸ್ತಕದ ಭಾಷೆಯಂತೆ ಕೇಳುತ್ತಿತ್ತು. ಅಣ್ಣನ ಬಳಿ ಓಡಿದರು. ಯೋಸೆಫ್ ಬಾಯಲ್ಲಿ ಕುಂಚ ಕಚ್ಚಿಕೊಂಡು ಚಿತ್ರ ಬರೆಯುವುದರಲ್ಲಿ ಮುಳುಗಿದ್ದರು. ತಲೆಯೆತ್ತದೆ, ಕುಂಚದ ಸಂದಿಯಿಂದಲೇ, ಹಾಗಾದರೆ ಅವನ್ನು ರೋಬೋಟ್ ಎಂದು ಕರೆ ಎಂದು ಗೊಣಗಿದರು. ಅಷ್ಟೇ! ಇಂದು ಜಗತ್ತಿನ ಭಾಷೆಗಳೆಲ್ಲ ಬಳಸುವ ಪದ ಹುಟ್ಟಿದ್ದು ಹೀಗೆ. ಆ ಪದ ತನ್ನದಲ್ಲ, ಅಣ್ಣನದು ಎಂದು ಚಾಪೆಕ್ ಮುಂದೆ ಪತ್ರಿಕೆಯಲ್ಲಿ ಬರೆದು ತಿಳಿಸಿದರು.

ಆ ನಾಟಕದ ಹೆಸರು ಆರ್.ಯು.ಆರ್. ಅಂದರೆ ರೊಸ್ಸುಮ್ ಅವರ ಸಾರ್ವತ್ರಿಕ ರೋಬೋಟ್‌ಗಳು. ರೊಸ್ಸುಮ್ ಎಂಬ ಹೆಸರಿನಲ್ಲೂ ಒಂದು ಕೀಟಲೆಯಿದೆ. ಚೆಕ್ ಭಾಷೆಯಲ್ಲಿ ರೊಜುಮ್ ಎಂದರೆ ಬುದ್ಧಿ.

ಕಥೆ ನಡೆಯುವುದು ಸಮುದ್ರದ ನಡುವಿನ ಒಂದು ದ್ವೀಪದಲ್ಲಿ. ಮುದಿ ವಿಜ್ಞಾನಿ ರೊಸ್ಸುಮ್ ಜೀವದಂತೆಯೇ ವರ್ತಿಸುವ ಒಂದು ವಸ್ತುವನ್ನು ಕಂಡುಹಿಡಿಯುತ್ತಾನೆ. ಅವನ ನಂತರ ಬಂದ ಎಂಜಿನಿಯರ್ ರೊಸ್ಸುಮ್ ಅದರಿಂದ ಕೆಲಸಗಾರರನ್ನು ಮಾಡಲು ಕಾರ್ಖಾನೆ ತೆರೆಯುತ್ತಾನೆ. ಇಲ್ಲಿ ಒಂದು ವಿಷಯ ಗಮನಿಸಿ. ಚಾಪೆಕ್ ಅವರ ರೋಬೋಟ್‌ಗಳು ತಗಡಿನವಲ್ಲ, ತಿರುಪು ಹಾಕಿದವಲ್ಲ. ಹಿಟ್ಟು ಕಲಸಿದಂತೆ ದೊಡ್ಡ ತೊಟ್ಟಿಗಳಲ್ಲಿ ಕಲಸಿ, ನೂಲಿನ ಗಿರಣಿಯಂಥ ಯಂತ್ರಗಳಲ್ಲಿ ನರಗಳನ್ನು ನೂತು ಮಾಡಿದವು. ನೋಡಲು ಥೇಟ್ ಮನುಷ್ಯರೇ. ಆದರೆ ಆಟ, ಹಾಡು, ಪ್ರೀತಿ, ನೋವು ಯಾವುದೂ ಇಲ್ಲ. ದುಡಿಮೆಗೆ ಬೇಡವಾದುದನ್ನೆಲ್ಲ ಎಂಜಿನಿಯರ್ ತೆಗೆದುಹಾಕಿದ್ದಾನೆ.

ಕಾರ್ಖಾನೆಯ ನಿರ್ದೇಶಕ ಡೊಮಿನ್ ಕೆಟ್ಟವನಲ್ಲ. ರೋಬೋಟ್‌ಗಳು ಎಲ್ಲವನ್ನೂ ಅಗ್ಗವಾಗಿ ತಯಾರಿಸಿದರೆ ಬಡತನ ಹೋಗುತ್ತದೆ, ಮನುಷ್ಯ ಯಾರಿಗೂ ದಾಸನಾಗಬೇಕಿಲ್ಲ ಎಂಬುದು ಅವನ ಕನಸು. ಆದರೆ ಆಗುವುದೇ ಬೇರೆ. ಕೂಲಿಕಾರರು ಕೆಲಸ ಕಳೆದುಕೊಳ್ಳುತ್ತಾರೆ. ಸರ್ಕಾರಗಳು ರೋಬೋಟ್‌ಗಳನ್ನು ಸೈನಿಕರನ್ನಾಗಿ ಮಾಡಿ ಯುದ್ಧ ಹೂಡುತ್ತವೆ. ದುಡಿಯಲು ಏನೂ ಉಳಿಯದ ಮನುಷ್ಯರಿಗೆ ಮಕ್ಕಳೇ ಹುಟ್ಟದಂತಾಗುತ್ತದೆ. ಹೆಲೆನಾ ಎಂಬಾಕೆ ರೋಬೋಟ್‌ಗಳಿಗೂ ನೋವು ನಲಿವು ತಿಳಿಯಲಿ ಎಂದು ಕನಿಕರಪಟ್ಟು ವಿಜ್ಞಾನಿಯೊಬ್ಬನನ್ನು ಕೇಳಿಕೊಳ್ಳುತ್ತಾಳೆ. ಅವನು ಗುಟ್ಟಾಗಿ ಕೆಲವು ರೋಬೋಟ್‌ಗಳನ್ನು ಬದಲಾಯಿಸುತ್ತಾನೆ. ತಾವು ಬಿಟ್ಟಿ ಆಳುಗಳು ಎಂಬುದು ಅವಕ್ಕೆ ತಿಳಿಯುತ್ತದೆ. ಲೋಕವೆಲ್ಲ ದಂಗೆ ಏಳುತ್ತದೆ.

ಈಗ ದ್ವೀಪದ ಮನೆಯಲ್ಲಿ ಬೆರಳೆಣಿಕೆಯ ಮನುಷ್ಯರು. ಸುತ್ತ ಸಾವಿರಾರು ರೋಬೋಟ್‌ಗಳು ಸದ್ದಿಲ್ಲದೆ ನಿಂತಿವೆ. ತಪ್ಪಿಸಿಕೊಳ್ಳಲು ಒಂದೇ ಒಂದು ಹಡಗಿದೆ. ಅದರ ಹೆಸರು ಅಲ್ಟಿಮಸ್, ಅಂದರೆ ಕಟ್ಟಕಡೆಯದು. ಅದನ್ನೂ ರೋಬೋಟ್‌ಗಳು ವಶಪಡಿಸಿಕೊಂಡಿವೆ. ಆದರೆ ಮನುಷ್ಯರ ಕೈಯಲ್ಲಿ ಇನ್ನೊಂದು ಬಲವಿದೆ. ಅದು ರೋಬೋಟ್‌ಗಳನ್ನು ತಯಾರಿಸುವ ಗುಟ್ಟು ಬರೆದಿಟ್ಟ ಹಳೆಯ ಕಾಗದ. ಆ ಗುಟ್ಟಿಲ್ಲದೆ ಹೊಸ ರೋಬೋಟ್ ಹುಟ್ಟುವುದಿಲ್ಲ, ಇರುವವು 20 ವರ್ಷಕ್ಕೆ ಸವೆದು ಹೋಗುತ್ತವೆ. ಕಾಗದ ಕೊಟ್ಟು ಹಡಗು ಬಿಡಿಸಿಕೊಂಡು ಹೊರಟುಬಿಡೋಣ ಎಂದು ಎಲ್ಲರೂ ನಿರ್ಧರಿಸುತ್ತಾರೆ. ಪೆಟ್ಟಿಗೆ ತೆಗೆದು ನೋಡಿದರೆ ಕಾಗದವಿಲ್ಲ! ಇನ್ನು ರೋಬೋಟ್‌ಗಳು ಹುಟ್ಟದಿದ್ದರೆ ಲೋಕ ಸರಿಹೋದೀತು ಎಂದು ಹೆಲೆನಾ ಅಂದು ಬೆಳಿಗ್ಗೆಯೇ ಅದನ್ನು ಒಲೆಗೆ ಹಾಕಿ ಸುಟ್ಟಿದ್ದಾಳೆ.

ಉಳಿದದ್ದು ವಿದ್ಯುತ್ ಹರಿಸಿದ ಬೇಲಿ ಮಾತ್ರ. ದೂರದ ವಿದ್ಯುತ್ ಕೇಂದ್ರ ನಡೆಯುತ್ತಿರುವವರೆಗೆ ಬೇಲಿ ದಾಟಲಾಗದು. ಕೋಣೆಯಲ್ಲಿ ಒಂದು ದೀಪ ಉರಿಯುತ್ತಿದೆ. ಎಲ್ಲರ ಕಣ್ಣೂ ಅದರ ಮೇಲೆ. ಲೆಕ್ಕಪತ್ರ ನೋಡುವ ಬುಸ್ಮನ್ ಎಂಬಾತ ಕಂತೆ ಕಂತೆ ಹಣ ಹಿಡಿದು ರೋಬೋಟ್‌ಗಳಿಗೆ ಲಂಚ ಕೊಡಲು ಹೋಗುತ್ತಾನೆ. ಪಾಪ, ಬೇಲಿಗೆ ತಗುಲಿ ಸಾಯುತ್ತಾನೆ. ಕೊನೆಗೆ ದೀಪ ಆರುತ್ತದೆ. ಓದುತ್ತ ಈ ಜಾಗಕ್ಕೆ ಬಂದಾಗ ಯಾರಿಗಾದರೂ ಎದೆ ಧಸಕ್ ಎನ್ನುತ್ತದೆ.

ರೋಬೋಟ್‌ಗಳು ಒಬ್ಬನನ್ನು ಮಾತ್ರ ಉಳಿಸುತ್ತವೆ. ಅವನು ಆಲ್ಕ್ವಿಸ್ಟ್ ಎಂಬ ಮುದುಕ, ಕಟ್ಟಡ ಕಟ್ಟಿಸುವವನು. ಎಲ್ಲರೂ ಕೈಕಟ್ಟಿ ಕುಳಿತಾಗಲೂ ಅವನು ತನ್ನ ಕೈಯಾರೆ ಇಟ್ಟಿಗೆ ಜೋಡಿಸುತ್ತಿದ್ದ. ತಮ್ಮಂತೆ ದುಡಿಯುವವನು ಎಂದು ರೋಬೋಟ್‌ಗಳು ಅವನನ್ನು ಗುರುತಿಸಿದವು. ಕಳೆದುಹೋದ ಗುಟ್ಟನ್ನು ಮತ್ತೆ ಕಂಡುಹಿಡಿ ಎಂದು ಅವನನ್ನು ಬೇಡುತ್ತವೆ. ಅವನಿಗೆ ಅದು ಸಾಧ್ಯವಾಗುವುದಿಲ್ಲ. ಕಟ್ಟಕಡೆಗೆ ಎರಡು ರೋಬೋಟ್‌ಗಳು ಒಂದಕ್ಕೊಂದು ಪ್ರಾಣ ಕೊಡಲು ಮುಂದಾಗುವುದನ್ನು ಕಂಡು ಅವನು ಬೆರಗಾಗುತ್ತಾನೆ.

ಪ್ರಾಗ್‌ನ ರಾಷ್ಟ್ರೀಯ ರಂಗಮಂದಿರದಲ್ಲಿ 1921ರ ಜನವರಿ 25ರಂದು ಈ ನಾಟಕ ನಡೆಯಿತು. ತಮಾಷೆ ಏನೆಂದರೆ, ಅದಕ್ಕೂ ಮೊದಲೇ ಜನವರಿ 2ರಂದು ಹ್ರಾದೆತ್ಸ್ ಕ್ರಾಲೊವೆಯ ಹವ್ಯಾಸಿ ತಂಡವೊಂದು ಅದನ್ನು ಆಡಿ ಮುಗಿಸಿತ್ತು. ರಂಗಮಂದಿರದ ದಿನ ಮುಂದಕ್ಕೆ ಹೋದ ಸುದ್ದಿ ಅವರಿಗೆ ತಲುಪಿರಲಿಲ್ಲ. ಬಾಲಕ ಕರೆಲ್‌ಗೆ ಶಾಲೆ ತಪ್ಪಿದ ಊರೇ ಅವನ ನಾಟಕವನ್ನು ಮೊದಲು ನೋಡಿತು! 1922ರಲ್ಲಿ ನ್ಯೂಯಾರ್ಕ್, 1923ರಲ್ಲಿ ಲಂಡನ್. ಕೆಲವೇ ವರ್ಷಗಳಲ್ಲಿ ನಾಟಕವು ಹತ್ತಾರು ಭಾಷೆಗಳಿಗೆ ಅನುವಾದವಾಯಿತು. ರೋಬೋಟ್ ಎಂಬ ಪದ ನಾಟಕವನ್ನೂ ಮೀರಿ ಓಡಿತು. ಜನ ಮಾತ್ರ ತಗಡಿನ ಡಬ್ಬದಂಥ ಗೊಂಬೆಯನ್ನೇ ರೋಬೋಟ್ ಎಂದು ತಿಳಿದರು. ತಾನು ಬರೆದದ್ದು ತಗಡಿನ ಯಂತ್ರದ ಬಗ್ಗೆ ಅಲ್ಲ ಎಂದು ಚಾಪೆಕ್ 1935ರಲ್ಲಿ ಬೇಸರದಿಂದ ಬರೆದರು. ಯಾರೂ ಕಿವಿಗೊಡಲಿಲ್ಲ.

ಅವರ ನಂತರ ಬಂದ ಕಥೆಗಾರರು ಅಲ್ಟಿಮಸ್ ಹಡಗನ್ನು ಸಮುದ್ರದಿಂದ ಆಕಾಶಕ್ಕೆ ಏರಿಸಿದರು. 1978ರಲ್ಲಿ ಅಮೆರಿಕದ ಟಿ.ವಿ.ಯಲ್ಲಿ ಬ್ಯಾಟಲ್‌ಸ್ಟಾರ್ ಗ್ಯಾಲಾಕ್ಟಿಕಾ ಎಂಬ ಧಾರಾವಾಹಿ ಬಂತು. ಯಂತ್ರಗಳ ದಾಳಿಯಿಂದ ಉಳಿದವರು ಹಲವು ಆಕಾಶನೌಕೆಗಳಲ್ಲಿ ಗುಂಪಾಗಿ ಹೊರಟು, ಭೂಮಿ ಎಂಬ ಗ್ರಹವನ್ನು ಹುಡುಕುತ್ತ ಅಲೆಯುವುದು ಅದರ ಕಥೆ. ನೋಡಲು ರೋಮಾಂಚನವೇ ಸರಿ. ಆದರೆ ವಿಜ್ಞಾನದ ಲೆಕ್ಕ ಹಾಕಿ ನೋಡೋಣವೇ? ಸೂರ್ಯನನ್ನು ಬಿಟ್ಟರೆ ನಮಗೆ ಅತಿ ಹತ್ತಿರದ ನಕ್ಷತ್ರ ಸುಮಾರು 4.2 ಜ್ಯೋತಿರ್ವರ್ಷ ದೂರದಲ್ಲಿದೆ. 1977ರಲ್ಲಿ ಹಾರಿಬಿಟ್ಟ ವಾಯೇಜರ್-1 ನೌಕೆ ಸೆಕೆಂಡಿಗೆ ಸುಮಾರು 17 ಕಿಲೋಮೀಟರ್ ವೇಗದಲ್ಲಿ ಸಾಗುತ್ತಿದೆ. ಆ ವೇಗದಲ್ಲಿ ಅಷ್ಟು ದೂರ ಹೋಗಲು 70 ಸಾವಿರ ವರ್ಷಗಳಿಗೂ ಹೆಚ್ಚು ಬೇಕು! ದಾರಿಯಲ್ಲಿ ಗಾಳಿಯಿಲ್ಲ, ನೀರಿಲ್ಲ, ಬೆಳೆ ಬೆಳೆಯಲು ಮಣ್ಣಿಲ್ಲ. ನಾಟಕದವರಿಗೆ ಹಡಗು ಸಿಕ್ಕಿದ್ದರೆ ಇನ್ನೊಂದು ದಡವಾದರೂ ಇತ್ತು.

ನಿಜವಾದ ರೋಬೋಟ್‌ಗಳು ಬಂದದ್ದು ಚಾಪೆಕ್ ಕಾಲದ ನಂತರ. 1961ರಲ್ಲಿ ಅಮೆರಿಕದ ಮೋಟಾರು ಕಾರ್ಖಾನೆಯೊಂದರಲ್ಲಿ ಯೂನಿಮೇಟ್ ಎಂಬ ಯಂತ್ರದ ತೋಳು ಕೆಲಸಕ್ಕೆ ಸೇರಿತು. ಕಾದ ಲೋಹದ ಭಾಗಗಳನ್ನು ಎತ್ತಿಡುವುದು ಅದರ ಕೆಲಸ. 2020ರ ಜನವರಿಯಲ್ಲಿ ನಮ್ಮ ಬೆಂಗಳೂರಿನಲ್ಲಿ ಇಸ್ರೋ ಸಂಸ್ಥೆಯು ವ್ಯೋಮಮಿತ್ರ ಎಂಬ ರೋಬೋಟನ್ನು ಜನರ ಮುಂದೆ ತಂದಿತು. ನೋಡಲು ಹೆಣ್ಣಿನ ರೂಪ, ಸೊಂಟದಿಂದ ಕೆಳಗೆ ಕಾಲುಗಳಿಲ್ಲ. ಗಗನಯಾನ ಯೋಜನೆಯಲ್ಲಿ ಮನುಷ್ಯರು ಹೋಗುವುದಕ್ಕೆ ಮುಂಚೆ ಹೋಗಿ, ನೌಕೆಯ ಒಳಗಿನ ಗಾಳಿ, ಒತ್ತಡ ಸರಿಯಿದೆಯೇ ಎಂದು ನೋಡಲು ಅದನ್ನು ರೂಪಿಸಿದ್ದಾರೆ. ಕಥೆಯಲ್ಲಿ ಮನುಷ್ಯರು ರೋಬೋಟ್‌ಗಳಿಗೆ ಹೆದರಿ ಆಕಾಶಕ್ಕೆ ಓಡಿದರೆ, ಇಲ್ಲಿ ರೋಬೋಟೇ ಮೊದಲು ಹೋಗಿ ನಮಗೆ ದಾರಿ ನೋಡುತ್ತದೆ.

ಇಷ್ಟೆಲ್ಲ ಭಯಂಕರ ಕಥೆ ಬರೆದ ಚಾಪೆಕ್ ಸಿಡುಕು ಸ್ವಭಾವದವರಿರಬೇಕು ಎಂದು ಎಣಿಸಬೇಡಿ. ಅವರು ಬಲು ನಗೆಗಾರರು. 1925ರಲ್ಲಿ ಅಣ್ಣತಮ್ಮಂದಿರು ಪ್ರಾಗ್‌ನಲ್ಲಿ ಒಂದಕ್ಕೊಂದು ಅಂಟಿದ ಜೋಡಿಮನೆಗೆ ಬಂದರು. ಕರೆಲ್ ಅಲ್ಲಿ ತೋಟ ಮಾಡಿದರು. ಬೆನ್ನು ಬಗ್ಗದಿದ್ದರೂ ಮಣ್ಣು ಕೆದಕುವುದನ್ನು ಬಿಡಲಿಲ್ಲ. ತೋಟಗಾರನ ಒಂದು ವರ್ಷದ ಪಾಡನ್ನು ಕುರಿತು ಅವರು ಬರೆದ ಪುಸ್ತಕ 1929ರಲ್ಲಿ ಬಂತು. ಅದಕ್ಕೆ ಚಿತ್ರ ಬರೆದವರು ಯೋಸೆಫ್. ದಾಶೆಂಕಾ ಎಂಬ ತಮ್ಮ ನಾಯಿಮರಿಯ ಚೇಷ್ಟೆಗಳ ಬಗ್ಗೆ ತಾವೇ ಫೋಟೋ ತೆಗೆದು, ಚಿತ್ರ ಬರೆದು ಮಕ್ಕಳಿಗೊಂದು ಪುಸ್ತಕ ಮಾಡಿದರು. ಶುಕ್ರವಾರ ಬಂತೆಂದರೆ ಅವರ ಮನೆಯಲ್ಲಿ ಸ್ನೇಹಿತರ ಹರಟೆ. ದೇಶದ ಅಧ್ಯಕ್ಷ ಮಸಾರಿಕ್ ಕೂಡ ಅಲ್ಲಿಗೆ ಬಂದು ಕೂರುತ್ತಿದ್ದರು.

ಆದರೆ ನೆರೆಯ ಜರ್ಮನಿಯಲ್ಲಿ 1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ. ಮನುಷ್ಯರನ್ನೇ ರೋಬೋಟ್‌ಗಳಂತೆ ಸಾಲಾಗಿ ನಿಲ್ಲಿಸಿ ಆಜ್ಞೆ ಪಾಲಿಸುವಂತೆ ಮಾಡುವ ಆಡಳಿತ ಅದು. ಚಾಪೆಕ್ ಸುಮ್ಮನಿರಲಿಲ್ಲ. 1936ರಲ್ಲಿ ಇನ್ನೊಂದು ಕಾದಂಬರಿ ಬರೆದರು. ಅದರಲ್ಲಿ ಸಮುದ್ರದ ದೈತ್ಯ ಹಲ್ಲಿಯಂಥ ಜೀವಿಗಳನ್ನು ಮನುಷ್ಯರು ಹಿಡಿದು ದುಡಿಸುತ್ತಾರೆ. ದುರಾಸೆಗೆ ಬಿದ್ದು ಅವಕ್ಕೆ ಆಯುಧಗಳನ್ನೂ ಮಾರುತ್ತಾರೆ. ಕೊನೆಗೆ ಅವು ತಮಗೆ ಜಾಗ ಸಾಲದೆಂದು ಭೂಮಿಯನ್ನೇ ಮುಳುಗಿಸತೊಡಗುತ್ತವೆ. ಈ ಪುಸ್ತಕ ಯಾರನ್ನು ಕುರಿತದ್ದು ಎಂಬುದು ನಾಜಿಗಳಿಗೆ ಚೆನ್ನಾಗಿ ಅರ್ಥವಾಯಿತು.

1938ರ ಸೆಪ್ಟೆಂಬರ್‌ನಲ್ಲಿ ಮ್ಯೂನಿಕ್ ಒಪ್ಪಂದವಾಯಿತು. ದೊಡ್ಡ ದೇಶಗಳು ಸೇರಿ, ಚೆಕೊಸ್ಲೊವಾಕಿಯವನ್ನು ಕೇಳದೆಯೇ, ಅದರ ಗಡಿಭಾಗವನ್ನು ಹಿಟ್ಲರ್‌ಗೆ ಕೊಟ್ಟವು. ಅದೇ ವರ್ಷದ ಏಪ್ರಿಲ್‌ನಲ್ಲಿ ನಮ್ಮ ಮದ್ದೂರಿನ ಶಿವಪುರದಲ್ಲಿ ಜನ ಸೇರಿ ಧ್ವಜ ಸತ್ಯಾಗ್ರಹ ನಡೆಸಿದ್ದರು. ಇಲ್ಲಿ ಒಂದು ನಾಡು ಎದ್ದು ನಿಲ್ಲುತ್ತಿದ್ದಾಗ ಅಲ್ಲಿ ಒಂದು ನಾಡು ಕೈತಪ್ಪುತ್ತಿತ್ತು. ಇಂಗ್ಲೆಂಡಿಗೆ ಹೋಗಿ ತಪ್ಪಿಸಿಕೊಳ್ಳುವಂತೆ ಹಲವರು ಚಾಪೆಕ್‌ಗೆ ಹೇಳಿದರು. ನಾಟಕದವರಿಗೆ ಸಿಗದ ಹಡಗು ಅವರಿಗೆ ಸಿಕ್ಕುವಂತಿತ್ತು. ಅವರು ಹೊರಡಲಿಲ್ಲ. ಚಳಿಗಾಲದಲ್ಲಿ ನ್ಯುಮೋನಿಯಾ ತಗುಲಿ, 1938ರ ಡಿಸೆಂಬರ್ 25ರಂದು, ಕ್ರಿಸ್‌ಮಸ್ ದಿನ, ಪ್ರಾಗ್‌ನಲ್ಲಿ ತೀರಿಕೊಂಡರು. ಆಗ ಅವರ ವಯಸ್ಸು 48.

1939ರ ಮಾರ್ಚ್‌ನಲ್ಲಿ ಜರ್ಮನ್ ಸೈನ್ಯ ಪ್ರಾಗ್ ಹೊಕ್ಕಿತು. ನಾಜಿಗಳ ಗುಪ್ತ ಪೊಲೀಸರು ಚಾಪೆಕ್ ಅವರನ್ನು ಬಂಧಿಸಲು ಮನೆಗೆ ಬಂದರು. ಅವರು ಸತ್ತು ತಿಂಗಳುಗಳೇ ಆಗಿವೆ ಎಂಬುದು ಬಂದವರಿಗೆ ತಿಳಿದಿರಲಿಲ್ಲ. ಬಾಗಿಲಲ್ಲಿ ಅದನ್ನು ಹೇಳಬೇಕಾದವರು ಅವರ ಪತ್ನಿ ಓಲ್ಗಾ.

ಅಣ್ಣ ಯೋಸೆಫ್ ಅವರನ್ನು ಮಾತ್ರ ಬಿಡಲಿಲ್ಲ. 1939ರ ಸೆಪ್ಟೆಂಬರ್ 1ರಂದು, ಎರಡನೆಯ ಮಹಾಯುದ್ಧ ಶುರುವಾದ ದಿನವೇ, ಹಿಡಿದೊಯ್ದರು. ಒಂದು ಸೆರೆಶಿಬಿರದಿಂದ ಇನ್ನೊಂದಕ್ಕೆ ಹೀಗೆ ಐದೂವರೆ ವರ್ಷ ಕಳೆದವು. ಆ ಶಿಬಿರಗಳಲ್ಲಿ ಕೈದಿಗಳನ್ನು ಹೊಟ್ಟೆಗಿಲ್ಲದೆ, ಕೂಲಿಯಿಲ್ಲದೆ ದುಡಿಸುತ್ತಿದ್ದರು. 1945ರ ಏಪ್ರಿಲ್‌ನಲ್ಲಿ, ಯುದ್ಧ ಮುಗಿಯಲು ಕೆಲವೇ ವಾರಗಳಿದ್ದಾಗ, ಬೆರ್ಗೆನ್-ಬೆಲ್ಸೆನ್ ಶಿಬಿರದಲ್ಲಿ ಅವರು ತೀರಿಕೊಂಡರು. ಪ್ರಾಗ್‌ನಲ್ಲಿ ಆ ಜೋಡಿಮನೆ ಇರುವ ಬೀದಿಗೆ ಈಗ ಚಾಪೆಕ್ ಸೋದರರ ಬೀದಿ ಎಂದು ಹೆಸರು.